ಶೀನ ಮಾವ ದೋಣಿಯೊಳಗೆ ಬರೆದ ಪದ್ಯಗಳು

ಆಗೆಲ್ಲ ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕೇರಿಯಲ್ಲಿ ಮನುಷ್ಯರಿಗಿಂತ ಮೊದಲು ದೋಣಿಗೆ ಸೂರು ಮಾಡುತ್ತಿದ್ದರು. ಕೋಟೇಶ್ವರ ಪೇಟೆಯಿಂದ ಪಡುವಣಕ್ಕೆ ನಡೆದರೆ ಸಿಗುವ ಕಡಲ ದಂಡೆಯ ಕೇರಿ ನಮ್ಮದು. ಹತ್ತು ಮನೆಗಳಿಗೆ ಸೇರಿದ ಒಂದು ಕೈರಂಪಣಿ ದೋಣಿ ಇತ್ತು. ಅದು ಬಲೆಯನ್ನು ಕಡಲಿಗೆ ಸುತ್ತು ಹಾಕಿ ಬರುತ್ತಿತ್ತು, ಆಮೇಲೆ ದಡದಲ್ಲಿ ನಿಂತವರೆಲ್ಲ ಸೇರಿ ಎಳೆಯುತ್ತಿದ್ದರು. ಮಳೆಗಾಲದ ಮೂರು ತಿಂಗಳು ಆ ದೋಣಿ ನಮ್ಮ ಮನೆಯ ಹಿಂದಿನ ಚಪ್ಪರದಲ್ಲಿ, ತೆಂಗಿನ ಮಡಲಿನ ಅಡಿಯಲ್ಲಿ ಬೆಚ್ಚಗೆ ಮಲಗಿರುತ್ತಿತ್ತು. ಮಕ್ಕಳಾದ ನಮಗೆ ಅದೇ ಆಟದ ಮನೆ. ಹಳೆಯ ಮೀನೆಣ್ಣೆಯ ವಾಸನೆ, ಒದ್ದೆ ಹಗ್ಗದ ವಾಸನೆ, ಕಿಸೆಯಲ್ಲಿ ಸುಟ್ಟ ಹಲಸಿನ ಬೀಜ, ಮಧ್ಯದ ಹಲಗೆಯ ಮೇಲೆ ಚೆನ್ನೆಮಣೆಯಾಟ. ಈಗಲೂ ಎಲ್ಲಾದರೂ ಮೀನೆಣ್ಣೆ ಮೂಗಿಗೆ ಬಡಿದರೆ ಉಳಿದವರು ಮೂಗು ಮುಚ್ಚುತ್ತಾರೆ, ನಾನು ನಿಂತು ಬಿಡುತ್ತೇನೆ.

ಆ ದೋಣಿಯೊಳಗೆ ನಮ್ಮ ಶೀನ ಮಾವ ಪದ್ಯ ಬರೆಯುತ್ತಿದ್ದ.

ಶೀನ ಮಾವ ಅಮ್ಮನ ತಮ್ಮ. ಹದಿನಾಲ್ಕನೇ ವಯಸ್ಸಿಗೆ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವನು. ಅಲ್ಲಿನ ರಾತ್ರಿ ಶಾಲೆಯಲ್ಲಿ ಒಂದಷ್ಟು ಓದಿದ. ಮೂವತ್ತು ದಾಟುವ ಹೊತ್ತಿಗೆ ಎದೆಯಲ್ಲಿ ಕೆಮ್ಮು ತುಂಬಿಕೊಂಡು ಊರಿಗೆ ಬಂದ. ದೋಣಿಗೆ ಹೋಗುವ ಕಸುವಿರಲಿಲ್ಲ, ಮದುವೆಗೆ ಹೆಣ್ಣು ಕೊಡುವವರೂ ಇರಲಿಲ್ಲ. ಹಾಗಾಗಿ ಚಪ್ಪರದಲ್ಲಿ ಕೂತು ಬಲೆ ಕಟ್ಟುವುದು ಅವನ ಕೆಲಸವಾಯಿತು. ಬೊಂಬಾಯಿಯಲ್ಲಿ ಮರಾಠಿ, ಹಿಂದಿ, ತುಳು ಎಲ್ಲವನ್ನೂ ಕೇಳಿ ಕೇಳಿ ಸುಸ್ತಾಗಿ, ತನ್ನ ಮಾತು ಮರೆತುಹೋದೀತೆಂದು ಹೆದರಿ ಬರೆಯಲು ಶುರು ಮಾಡಿದನಂತೆ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ತಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದನಂತೆ. ನಾಲ್ಕು ಸಾಲು, ಆರು ಸಾಲು, ಅದಕ್ಕಿಂತ ಉದ್ದ ಇಲ್ಲ. ಎಲ್ಲವೂ ನಾವು ಮನೆಯಲ್ಲಿ ಆಡುವ ಕುಂದಾಪ್ರ ಕನ್ನಡದಲ್ಲೇ.

ಬರೆಯುವ ಕ್ರಮವೂ ಬೇರೆಯೇ. ಬಲೆಯ ಸೂಜಿ ಆಡಿಸುತ್ತಾ ಬಾಯಲ್ಲಿ ಗುಣುಗುತ್ತಾ ಇರುತ್ತಿದ್ದ. ಇದ್ದಕ್ಕಿದ್ದಂತೆ ಎದ್ದು ದೋಣಿ ಹತ್ತಿ, ಎಣ್ಣೆ ಕುಡಿದು ಕಪ್ಪಾದ ಒಳಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆಯುವುದು. ಮತ್ತೆ ಬಂದು ಬಲೆಗೆ ಕೂರುವುದು. ಒಂದು ಗಂಟೆಯ ನಂತರ ಎದ್ದು ಹೋಗಿ ಅಂಗೈಯಲ್ಲಿ ಅರ್ಧ ಸಾಲು ಒರೆಸಿ ಬೇರೆ ಬರೆಯುವುದು. ಸೀಮೆಸುಣ್ಣ ಪೂರೈಸುವವಳು ನಾನು. ಐದನೇ ತರಗತಿಯಲ್ಲಿದ್ದೆ. ಶಾಲೆಯ ಕಪ್ಪು ಹಲಗೆಯ ಕೆಳಗೆ ಬಿದ್ದ ತುಂಡುಗಳನ್ನು ಆಯ್ದು ಲಂಗದ ಕಿಸೆಯಲ್ಲಿ ತರುತ್ತಿದ್ದೆ.

“ತುಂಡಾರೂ ಅಕ್ಕ್ ಮಗಾ. ಪೂರ್ತಿದ್ ತರ್ಬೇಡ, ಮಾಸ್ಟ್ರ್ ಬೈತ್ರ್,” ಅನ್ನುತ್ತಿದ್ದ.

“ಪುಸ್ತ್ಕದ್ ಮೇಲ್ ಬರಿಲಕ್ಕಲೆ ಮಾವ?”

“ಮಳ್ಗಾಲ್ದಗೆ ಕಾಗ್ದಕ್ಕೆ ಬೂಸ್ಟ್ ಬತ್ತ್. ಮತ್ ಕಾಗ್ದ ಆರೆ ಕೈಯಗೆ ಒರ್ಸುಕಾತಿಲ್ಲೆ.”

ದೋಣಿ ಮತ್ತೆ ಕಡಲಿಗಿಳಿಯುವ ನೂಲ ಹುಣ್ಣಿಮೆಗೆ ಮುಂಚೆ ಅದರ ಒಳಗೂ ಹೊರಗೂ ಹೊಸದಾಗಿ ಎಣ್ಣೆ ಹಚ್ಚುತ್ತಿದ್ದರು. ಆಗ ಆ ವರ್ಷದ ಪದ್ಯಗಳೆಲ್ಲ ಮಾಯ. ನನಗೆ ಹೊಟ್ಟೆ ಉರಿಯುತ್ತಿತ್ತು, ಮಾವನಿಗೆ ಏನೂ ಇಲ್ಲ. “ಹೋಯ್ಲಿ ಬಿಡ್. ಅದ್ ಕಡ್ಲಿಗೆ ಓದುಕೆ,” ಎಂದು ನಗುತ್ತಿದ್ದ.

ಆದರೆ ಆ ನಗು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು. ಅವನ ತಗಡಿನ ಪೆಟ್ಟಿಗೆಯಲ್ಲಿ ಒಂದು ಕಾಗದ ಇತ್ತು. ಬೊಂಬಾಯಿಯಲ್ಲಿದ್ದಾಗ ಯಾವುದೋ ವಾರಪತ್ರಿಕೆಗೆ ಮೂರು ಪದ್ಯ ಕಳಿಸಿದ್ದನಂತೆ. ಅವರು ಅವನ್ನು ವಾಪಸು ಕಳಿಸಿ, ಜೊತೆಗೆ ಒಂದೂವರೆ ಸಾಲು ಬರೆದಿದ್ದರು. ಪದ್ಯದ ಹಾಳೆಗಳೆಲ್ಲ ಬೊಂಬಾಯಿಯಲ್ಲೇ ಕಳೆದುಹೋದವಂತೆ, ಉಳಿದದ್ದು ಈ ಕಾಗದ ಮಾತ್ರ. ನಾನು ಒಮ್ಮೆ ಅದನ್ನು ಎತ್ತಿಕೊಂಡು ಕೇಳಿದೆ.

“ಇದ್ರಗೆ ಎಂತ ಬರ್ದಿರ್ ಮಾವ?”

“ಪದ್ಯ ಚಂದ ಇತ್ತಂಬ್ರ್. ಕನ್ನಡದಗೆ ಬರ್ದ್ ಕಳ್ಸಿ ಅಂಬ್ರ್.” ಅವನು ಕಾಗದವನ್ನು ಮಡಿಚಿ ಒಳಗಿಟ್ಟ. “ಹಂಗಾರೆ ನಾನ್ ಬರ್ದದ್ದ್ ಎಂತ ಮಾರಾಯ್ತಿ, ಚೀನಾ ಭಾಷಿಯಾ?”

ನಾನು ನಕ್ಕೆ. ಅವನೂ ನಕ್ಕ. ನಗುತ್ತಾ ಕೆಮ್ಮು ಬಂತು, ಕೆಮ್ಮು ನಿಲ್ಲುವಾಗ ನಗು ಇರಲಿಲ್ಲ.

ನಾನು ಹೇಳಹೊರಟ ಮಳೆಗಾಲ ಅದರ ಮರುವರ್ಷದ್ದು. ಆ ಸಲ ಮಾವನ ಕೆಮ್ಮು ಜೋರಾಗಿತ್ತು, ಪದ್ಯವೂ ಹಾಗೆಯೇ ಒತ್ತೊತ್ತಿ ಬರುತ್ತಿತ್ತು. ಆಷಾಢ ಅರ್ಧ ಮುಗಿಯುವ ಹೊತ್ತಿಗೆ ದೋಣಿಯ ಮುಂತಲೆಯಿಂದ ಹಿಂತಲೆಯವರೆಗೆ ಹತ್ತೊಂಬತ್ತು ಪದ್ಯ ತುಂಬಿದ್ದವು. ಒಂದು ದಿನ ಪ್ರೆಸ್ಸಿನ ಮಂಜಣ್ಣ ಬಂದರು. ಕುಂದಾಪುರದಲ್ಲಿ ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಪ್ರೆಸ್ಸು ಅವರದ್ದು. ಚಿಕ್ಕಂದಿನಲ್ಲಿ ಮಾವನ ಜೊತೆ ಕಡಲ ಬದಿಯಲ್ಲಿ ಆಡಿದವರು. ಚಪ್ಪರದಲ್ಲಿ ಚಾ ಕುಡಿಯುತ್ತಾ ಮಾವ ಹಲಗೆ ನೋಡಿ ಓದಿದ ನಾಲ್ಕೈದು ಪದ್ಯ ಕೇಳಿ ಲೋಟ ಕೆಳಗಿಟ್ಟರು.

“ಹ್ವಾಯ್ ಶೀನ, ಇದನ್ನ ಹೀಂಗೇ ಬಿಡುಕಾಗ. ಹುಣ್ಮಿ ಒಳ್ಗೆ ಚಂದ ಮಾಡಿ ಬರ್ದ್ ಕೊಡ್. ನವ್ರಾತ್ರಿಗೆ ಪುಸ್ತ್ಕ ಮಾಡಿ ಕೊಡ್ತೆ.”

ಮಾವ ಮೊದಲು ಬೇಡ ಎಂದ. ಮಂಜಣ್ಣ ಹೋದ ಮೇಲೆ ಮಾತ್ರ ಚಿಕ್ಕ ಮಗುವಿನ ಹಾಗೆ ಆಗಿಬಿಟ್ಟ. ಎಷ್ಟು ಪುಟ ಬರಬಹುದು, ಮೇಲಿನ ಹಾಳೆಗೆ ಯಾವ ಬಣ್ಣ, ಹೆಸರು ದಪ್ಪ ಅಕ್ಷರದಲ್ಲಿ ಹಾಕುತ್ತಾರೋ ಇಲ್ಲವೋ ಎಂದು ಅಮ್ಮನನ್ನೂ ನನ್ನನ್ನೂ ಕೇಳಿದ್ದೇ ಕೇಳಿದ್ದು. ಗಂಜಿಗೆ ಒಣ ಸೀಗಡಿ ಚಟ್ನಿ ಕಲಸುತ್ತಾ ಇದ್ದವನು ಕೈ ನಿಲ್ಲಿಸಿ ಅಮ್ಮನಿಗೆ ಹೇಳಿದ್ದು ನನಗೆ ನೆನಪಿದೆ.

“ಅಕ್ಕ, ಪುಸ್ತ್ಕ ಆರೆ ನಾನ್ ಸತ್ರೂ ನಮ್ ಮಾತ್ ಒಂದ್ ಕಡೆ ಇರತ್ತಲ್ದಾ?”

“ಸಾಯು ಮಾತ್ ಎಂತಕ್ಕಾ? ಉಣ್ ನೀನ್,” ಎಂದು ಅಮ್ಮ ಬೈದರು.

ಬರೆದು ಕೊಡುವ ಮೊದಲೇ ಅವನಿಗೆ ಉಸಿರು ಕಟ್ಟಿತು. ಮಣಿಪಾಲದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕೆಂದಾಯಿತು. ಜೀಪು ಬಂದು ನಿಂತಾಗ ಮಾವ ನನ್ನನ್ನು ಹತ್ತಿರ ಕರೆದ.

“ಜಲ್ಜಾ, ನಿನ್ ಅಕ್ಷರ ಚಂದ. ಒಂದೊಂದ್ ಹಲ್ಗಿ ಕಂಡ್ಕಂಡ್ ಬರಿ. ಎಣ್ಣಿ ಹಚ್ಚು ಮೊದ್ಲ್ ಮುಗ್ಸ್ಕ್. ಇದ್ದದ್ದ್ ಇದ್ದಾಂಗೆ ಬರಿ, ಅಕ್ಕಾ?”

“ಅಕ್ಕ್ ಮಾವ,” ಎಂದು ಒಪ್ಪಿಕೊಂಡೆ. ಈ ಒಂದು ಮಾತನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ಇಲ್ಲಿ ನನ್ನ ಶಾಲೆಯ ಸುದ್ದಿ ಹೇಳಬೇಕು. ನಮ್ಮ ಕನ್ನಡ ಮಾಸ್ಟ್ರು ಘಟ್ಟದ ಮೇಲಿನವರು. ಒಳ್ಳೆಯವರು, ಒಂದು ದಿನವೂ ಕೋಲು ಎತ್ತಿದವರಲ್ಲ. ಆದರೆ ಅವರ ಕಿಸೆಯಲ್ಲಿ ಕೆಂಪು ಪೆನ್ನಿತ್ತು. ನಾನು ಬರೆದ ಮೊದಲ ಪ್ರಬಂಧದಲ್ಲಿ ‘ಬತ್ತೆ’, ‘ಹೋಪುಕೆ’, ‘ಇಲ್ಲೆ’ ಎಂಬಲ್ಲೆಲ್ಲ ಕೆಂಪು ಸುತ್ತು ಬಿದ್ದಿತ್ತು. “ಇದೆಲ್ಲ ಗ್ರಾಮ್ಯ ಜಲಜಾ. ಬರೆಯುವಾಗ ಶುದ್ಧವಾಗಿ ಬರೆಯಬೇಕು,” ಎಂದು ಪ್ರೀತಿಯಿಂದಲೇ ತಿದ್ದಿದರು. ನಾನು ಹಟದವಳು. ಒಂದೇ ವರ್ಷದಲ್ಲಿ ತರಗತಿಗೇ ಶುದ್ಧವಾದೆ. ಶಾಲೆಯ ಗೇಟು ದಾಟಿದೊಡನೆ ನನ್ನ ನಾಲಿಗೆ ತಾನಾಗಿ ಅಂಗಿ ಬದಲಿಸುತ್ತಿತ್ತು. ಭಾಷಣದಲ್ಲಿ ಬಹುಮಾನ, ಪ್ರಬಂಧದಲ್ಲಿ ಬಹುಮಾನ. ಜಂಬ ಇಲ್ಲದೆ ಇರುತ್ತದೆಯೇ? ಮನೆಯಲ್ಲಿ ಅಮ್ಮನ ಮಾತನ್ನೂ ತಿದ್ದಲು ಹೋಗಿ ತಲೆಗೆ ಮೊಟಕಿಸಿಕೊಂಡದ್ದುಂಟು.

ಮಾವ ಆಸ್ಪತ್ರೆಗೆ ಹೋದ ಮರುದಿನ ಶಾಲೆ ಬಿಟ್ಟು ಬಂದವಳೇ ಹೊಸ ನೋಟುಪುಸ್ತಕ ಹಿಡಿದು ದೋಣಿ ಹತ್ತಿದೆ. ಮಡಲಿನ ಮೇಲೆ ಮಳೆ ಬೀಳುತ್ತಿತ್ತು. ಮೊದಲ ಹಲಗೆಯ ಪದ್ಯವನ್ನು ಇದ್ದದ್ದು ಇದ್ದ ಹಾಗೆಯೇ ಬರೆದೆ. ಬರೆದು ಓದಿದರೆ ಪುಟದ ತುಂಬ ಕೆಂಪು ಸುತ್ತುಗಳೇ ಕಾಣತೊಡಗಿದವು. ಮಾಸ್ಟ್ರಂಥ ಒಳ್ಳೆಯವರೇ ಇದನ್ನು ತಪ್ಪು ಎನ್ನುತ್ತಾರೆ. ಪತ್ರಿಕೆಯವರೂ ಅದನ್ನೇ ಹೇಳಿ ವಾಪಸು ಕಳಿಸಿದ್ದಾರೆ. ಪುಸ್ತಕವಾದ ಮೇಲೆ ಊರೆಲ್ಲ ನಕ್ಕರೆ? ಮಾವನಿಗೆ ಬಾರದ್ದು ನನಗೆ ಬರುತ್ತದಲ್ಲ, ನಾನೇ ಕನ್ನಡದಲ್ಲಿ ಬರೆದುಬಿಟ್ಟರೆ ಯಾರೂ ಅದನ್ನು ಹಿಂದಕ್ಕೆ ಕಳಿಸಲಾರರು. ಹೀಗೆ ಯೋಚಿಸಿ ನನಗೆ ಎಷ್ಟು ಖುಷಿಯಾಯಿತೆಂದರೆ, ದೋಣಿಯಲ್ಲಿ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದ್ದೆ.

ಬರೆದಿದ್ದ ಪುಟವನ್ನು ಹರಿದು, ಅದರಲ್ಲಿ ಹಲಸಿನ ಬೀಜದ ಸಿಪ್ಪೆ ಕಟ್ಟಿ ಮಳೆನೀರು ಹರಿಯುವ ತೋಡಿಗೆ ಎಸೆದೆ. ಆಮೇಲೆ ಎಂಟು ದಿನ ನನಗೆ ಆಟ ಇಲ್ಲ, ಚೆನ್ನೆಮಣೆ ಇಲ್ಲ. ಒಂದೊಂದು ಪದ್ಯವನ್ನೂ ಕಂಡು, ಪಠ್ಯಪುಸ್ತಕದಲ್ಲಿ ಕಲಿತ ಚಂದದ ಮಾತುಗಳನ್ನೆಲ್ಲ ಹುಡುಕಿ ಹುಡುಕಿ ಹಾಕಿದೆ. ಗಾಳಿಯನ್ನು ಮಾರುತ ಮಾಡಿದೆ. ಕಡಲನ್ನು ಸಾಗರ ಮಾಡಿದೆ. ಬಾಗಿಲು ಕದವಾಯಿತು, ಅಬ್ಬಿ ತಾಯಿಯಾದಳು. ಮಳೆ ಬಿಡುವ ಮುಂಚೆ ಹೊಳೆಯ ಕಡೆಯಿಂದ ಸುಳಿದು ಬರುವ ಒಂದು ಗಾಳಿಗೆ ಮಾವ ಏನೋ ಒಂದು ಹೆಸರು ಬರೆದಿದ್ದ. ಅದು ಯಾವ ಪಾಠದಲ್ಲೂ ಇರಲಿಲ್ಲ, ಹಾಗಾಗಿ ‘ತಂಗಾಳಿ’ ಎಂದು ಬರೆದು ಮುಂದೆ ಹೋದೆ.

ಅಷ್ಟರಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಿತು. ಹತ್ತು ಮನೆಯವರು ಕೂತು, ಮರುದಿನವೇ ದೋಣಿಗೆ ಎಣ್ಣೆ ಎಂದು ಗೊತ್ತು ಮಾಡಿದರು. ಎಣ್ಣೆಗೆ ಮೊದಲು ಒಳಗೆಲ್ಲ ತಿಕ್ಕಿ ತೊಳೆಯುವುದು ನಮ್ಮಲ್ಲಿ ಮಕ್ಕಳ ಪಾಲಿನ ಕೆಲಸ. ತೊಳೆದವರಿಗೆ ಬೆಲ್ಲದ ಅವಲಕ್ಕಿ ಸಿಗುತ್ತಿತ್ತು.

“ಬರ್ದ್ ಆಯ್ತಾ ಮಗಾ?” ಎಂದು ಅಮ್ಮ ಕೇಳಿದರು.

“ಪೂರಾ ಆಯ್ತ್.”

“ಹಂಗಾರೆ ಎಲ್ಲ ಸೇರಿ ತೊಳಿನಿ.”

ಕೇರಿಯ ಮಕ್ಕಳೆಲ್ಲ ತೆಂಗಿನ ಸಿಪ್ಪೆ ಹಿಡಿದು ಬಂದರು. ಪದ್ಯ ಇದ್ದ ಹಲಗೆಗಳನ್ನು ಬೇರೆಯವರಿಗೆ ಮುಟ್ಟಲು ಕೊಡಲಿಲ್ಲ, ಜಗಳ ಮಾಡಿ ನಾನೇ ತಿಕ್ಕಿದೆ. ನಮ್ಮ ಮಾವನದ್ದು, ನಾನೇ ತೊಳೆಯಬೇಕು. ಹತ್ತೊಂಬತ್ತನ್ನೂ ತಿಕ್ಕಿದೆ. ಅಕ್ಕಿ ತೊಳೆದ ನೀರಿನಂಥ ನೀರು ದೋಣಿಯ ತಳದಲ್ಲಿ ನಿಂತಿತು, ಅದನ್ನೂ ಚಿಪ್ಪಿನಲ್ಲಿ ಗೋರಿ ಹೊರಗೆ ಚೆಲ್ಲಿದೆ. ಮರುದಿನ ಗಂಡಸರು ಬಂದು ಎಣ್ಣೆ ಹಚ್ಚಿದರು. ಅವಲಕ್ಕಿ ಚೆನ್ನಾಗಿತ್ತು.

ಮೂರು ದಿನದ ಮೇಲೆ ಮಾವ ಬಂದ. ಜೀಪಿನಿಂದ ಇಳಿಯುವಾಗಲೇ ಗಾಳಿ ಮೂಸಿ, “ಎಣ್ಣಿ ಆಯ್ತಾ?” ಎಂದ. ಹೊರಜಗಲಿಯಲ್ಲಿ ಗೋಡೆಗೆ ಒರಗಿ ಕೂತು, ನೀರು ಕೂಡ ಕುಡಿಯದೆ ನೋಟುಪುಸ್ತಕಕ್ಕೆ ಕೈ ಚಾಚಿದ. ನಾನು ಕಂಬ ಹಿಡಿದು ನಿಂತೆ. ಹೊಗಳಿಕೆ ಬರುವಾಗ ಎಲ್ಲಿ ನೋಡಬೇಕು, ಹೇಗೆ ನಾಚಬೇಕು ಎಂದೆಲ್ಲ ಮೊದಲೇ ಲೆಕ್ಕ ಹಾಕಿಟ್ಟಿದ್ದೆ.

ಅವನು ಮೊದಲ ಪುಟ ಓದಿದ. ಹಿಂದೆ ಮುಂದೆ ತಿರುಗಿಸಿದ. ಎರಡನೆಯದು ಓದಿದ. ಆಮೇಲೆ ಒಂದೊಂದೇ ಪುಟವನ್ನು, ಕಳೆದುಹೋದದ್ದನ್ನು ಹುಡುಕುವವರ ಹಾಗೆ, ಕೊನೆಯವರೆಗೆ ಮಗುಚುತ್ತಾ ಹೋದ. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡ.

“ಅಕ್ಷರ ಚಂದ ಇತ್ತ್ ಮಗಾ,” ಎಂದ. “ಇದ್ ಯಾರ್ದ್?” ಎಂದು ಕೇಳಿದ.

“ನಿಂದೇ ಮಾವ. ನಾನ್ ಕನ್ನಡದಗೆ ಬರ್ದೆ. ಇನ್ ಯಾರೂ ವಾಪಾಸ್ ಕಳ್ಸುದಿಲ್ಲೆ.”

ಅವನು ನನ್ನ ಮುಖ ನೋಡಿದ. ನಾನು ಏನು ಮಾಡಿದ್ದೇನೆ, ಏಕೆ ಮಾಡಿದ್ದೇನೆ ಎಂಬುದೆಲ್ಲ ಅವನಿಗೆ ಆ ಗಳಿಗೆಯಲ್ಲೇ ತಿಳಿಯಿತೆಂದು ಈಗ ಅನಿಸುತ್ತದೆ. ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲವೇನೋ.

“ಒಳ್ಳೇ ಮನ್ಷ ಕಾಣತ್ ಇವ,” ಎಂದು ಪುಸ್ತಕವನ್ನು ಮೆಲ್ಲನೆ ತಟ್ಟಿದ. “ನಂಗೆ ಗುರ್ತ ಮಾತ್ರ ಇಲ್ಲೆ.”

ಗೋಡೆ ಹಿಡಿದು ಎದ್ದು ಚಪ್ಪರಕ್ಕೆ ಹೋದ. ನಾನು ಹಿಂದೆಯೇ ಓಡಿದೆ. ಹಸಿ ಎಣ್ಣೆಯ ಹಲಗೆಗಳ ಮೇಲೆ ಅಂಗೈ ಇಟ್ಟು ಮುಂತಲೆಯಿಂದ ಹಿಂತಲೆಯವರೆಗೆ ಸವರುತ್ತಾ ನಡೆದ. ಕೈ ಕಪ್ಪಾಯಿತು. ಆಗ ನನಗೆ ಅಳು ಬಂತು. ಏಕೆಂದು ಪೂರ್ತಿ ಗೊತ್ತಿರಲಿಲ್ಲ, ಆದರೆ ಮತ್ತೆ ಸರಿ ಮಾಡಲಾಗದ್ದೇನೋ ಆಗಿದೆ ಎಂಬಷ್ಟು ಗೊತ್ತಾಗಿತ್ತು.

“ಮಾವ, ನೀನ್ ಹೇಳ್. ನಾನ್ ಮತ್ತ್ ಬರಿತೆ. ಇದ್ದದ್ದ್ ಇದ್ದಾಂಗೇ ಬರಿತೆ.”

ಹೇಳಲು ನೋಡಿದ. ನಾಲ್ಕು ದಿನ, ಬೆಳಿಗ್ಗೆ ಬಿಸಿಲು ಬಂದ ಹೊತ್ತಿನಲ್ಲಿ ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತಿದ್ದ. ಹಲಗೆಗೆ ಬರೆದದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವವನಲ್ಲ ಅವನು. ಅರ್ಧ ಸಾಲು ಬರುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಉಸಿರು ತಿರುಗಿದಾಗ ಸಾಲು ಹೋಗಿರುತ್ತಿತ್ತು. ಒಂದು ಪದ್ಯದ ಎರಡು ಸಾಲು ಮಾತ್ರ ಗಟ್ಟಿಯಾಗಿ ಸಿಕ್ಕಿತು.

“ಗಾಳಿ ಬಂತ್, ಬಾಗ್ಲ್ ಹಾಕ್ಬೇಡ ಅಬ್ಬಿ,
ಅದ್ಕೂ ಹೋಪುಕೆ ಮನಿ ಇಲ್ಲೆ.”

“ಮುಂದೆ ಮಾವ?”

ಅವನು ಸೋತು ನಕ್ಕ. “ನಿನ್ ಮಾರುತ ಬಂದ್ ಅಡ್ಡ ಕೂತಿತ್ ಮಗಾ. ಏಳುದೇ ಇಲ್ಲೆ.”

ಹುಣ್ಣಿಮೆಯ ದಿನ ಕೇರಿಯವರೆಲ್ಲ ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಬಂದರು. ಪುಸ್ತಕಕ್ಕೆ ಬರೆದದ್ದನ್ನು ಕೇಳಿಕೊಂಡು ಮಂಜಣ್ಣ ಬಂದರು. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಈಗ ಹೇಳುತ್ತಾನೆ, ಇದು ನನ್ನದಲ್ಲ, ಪುಸ್ತಕ ಬೇಡ ಎನ್ನುತ್ತಾನೆ ಎಂದುಕೊಂಡೆ. ಮಾವ ನೋಟುಪುಸ್ತಕ ತೆಗೆದು ಕೊಟ್ಟ.

“ಎಂತ ಮಾರಾಯಾ, ಅಂದ್ ಹೇಳ್ದಾಂಗ್ ಇಲ್ಲೆಲೆ ಇದ್?” ಎಂದರು ಮಂಜಣ್ಣ.

“ನನ್ ಸೊಸಿ ಬರ್ದದ್ದ್. ಹೀಂಗೇ ಇರ್ಲಿ.”

ತಾನು ಬದುಕಿಡೀ ಕೂಡಿಸಿದ್ದನ್ನು ಅವನು ಬಿಟ್ಟುಕೊಟ್ಟದ್ದು ಹನ್ನೊಂದು ವರ್ಷದ ಒಂದು ಹುಡುಗಿಗೆ ನಾಚಿಕೆಯಾಗಬಾರದೆಂದು. ಓದಲು ಬಾರದ ಅಮ್ಮನಿಗೂ ಅವನು ಏನನ್ನೂ ಹೇಳಲಿಲ್ಲ.

ನವರಾತ್ರಿಗೆ ಪುಸ್ತಕ ಬಂತು. ನೀಲಿ ಹೊದಿಕೆ, ದಪ್ಪ ಅಕ್ಷರದಲ್ಲಿ ಹೆಸರು. ಮಾವ ಹೊದಿಕೆ ಸವರಿದ, ಅಚ್ಚಿನ ವಾಸನೆ ಮೂಸಿದ, ತೆರೆಯಲಿಲ್ಲ. ದೀಪಾವಳಿಗೆ ಮೂರು ದಿನ ಇರುವಾಗ ತೀರಿಕೊಂಡ. ಬಂದವರೆಲ್ಲ ಪುಸ್ತಕ ಕೈಯಲ್ಲಿ ಹಿಡಿದು, ಶೀನ ಇಷ್ಟು ಶುದ್ಧ ಕನ್ನಡ ಬರೆಯುತ್ತಿದ್ದನೇ ಎಂದು ಆಶ್ಚರ್ಯಪಟ್ಟರು. ಆಮೇಲೆ ಮಂಜಣ್ಣ ಒಂದು ಪ್ರತಿಯನ್ನು ಅದೇ ವಾರಪತ್ರಿಕೆಗೆ ಕಳಿಸಿದರು. ಅವರು ಒಂದು ಪದ್ಯ ಅಚ್ಚು ಹಾಕಿದರು. ‘ಮಾರುತ ಬಂದಿಹುದು, ಕದವ ಮುಚ್ಚದಿರು ತಾಯೇ.’ ಕೆಳಗೆ ಮಾವನ ಹೆಸರು. ನನಗೆ ಎರಡು ದಿನ ಜ್ವರ ಬಂತು.

ಈಗ ನಾನೂ ಕನ್ನಡ ಕಲಿಸುತ್ತೇನೆ, ಕೊಕ್ಕರ್ಣೆಯ ಕಡೆಯ ಒಂದು ಶಾಲೆಯಲ್ಲಿ. ಮಕ್ಕಳು ‘ಬತ್ತೆ’ ಎಂದು ಬರೆದರೆ ಪಕ್ಕದಲ್ಲಿ ‘ಬರುತ್ತೇನೆ’ ಎಂದು ಬರೆಯುತ್ತೇನೆ, ಸುತ್ತು ಹಾಕುವುದಿಲ್ಲ. ಕೆಂಪು ಪೆನ್ನು ನನ್ನ ಚೀಲದಲ್ಲಿಲ್ಲ. ಕೈರಂಪಣಿಯ ಮರದ ದೋಣಿ ಯಾವಾಗಲೋ ಒಲೆಗೆ ಹೋಯಿತು, ಅದರ ಜಾಗದಲ್ಲಿ ಫೈಬರಿನದ್ದು ಬಂತು. ಅದಕ್ಕೆ ಎಣ್ಣೆಯೂ ಬೇಡ, ತಿಕ್ಕುವ ಮಕ್ಕಳೂ ಬೇಡ. ನಮ್ಮ ಮಾತಿಗೆ ಮಾತ್ರ ಈಗ ಭಾರಿ ಮರ್ಯಾದೆ ಬಂದಿದೆ. ಮೊಬೈಲಿನಲ್ಲಿ ಹಾಡು, ನಗೆಚಾಟಿಕೆ, ಅಂಗಿಯ ಮೇಲೆ ಅಚ್ಚು. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಫೋನು ಮಾಡಿದ. “ಟೀಚರ್, ನಿಮ್ ಮಾವ ಕುಂದಾಪ್ರ ಕನ್ನಡದಗೆ ಪದ್ಯ ಬರಿತಿದ್ರಂಬ್ರಲೆ? ಅದ್ ಇತ್ತಾ? ನಾವ್ ಪುಸ್ತ್ಕ ಮಾಡ್ತ್.” ಹುಡುಕುತ್ತೇನೆ ಎಂದೆ. ಎಲ್ಲಿ ಹುಡುಕುವುದು?

ಆದರೂ ಕೂತೆ. ನನ್ನ ಮಾತೇ ಅಲ್ಲವೇ, ಹಿಂದಕ್ಕೆ ತಿರುಗಿಸಿದರಾಯಿತು ಎಂದುಕೊಂಡೆ. ನೀಲಿ ಪುಸ್ತಕ ಎದುರಿಗಿಟ್ಟುಕೊಂಡು ಮಾರುತವನ್ನು ಗಾಳಿ ಮಾಡಿದೆ, ಸಾಗರವನ್ನು ಕಡಲು ಮಾಡಿದೆ. ತಂಗಾಳಿಯ ಹತ್ತಿರ ನಿಂತುಬಿಟ್ಟೆ. ಆ ಗಾಳಿಯ ಹೆಸರನ್ನು ಕೇರಿಯ ಮುದುಕರಲ್ಲಿ ಕೇಳಿದೆ. “ಹೌದ್, ಒಂದ್ ಹೆಸ್ರ್ ಇದ್ದಿತ್,” ಎಂದು ತಲೆ ಕೆರೆದುಕೊಂಡರೇ ಹೊರತು ಯಾರ ಬಾಯಿಗೂ ಬರಲಿಲ್ಲ. ಗಾಳಿ ಮಾತ್ರ ಈಗಲೂ ಬರುತ್ತದೆ. ಅದನ್ನು ಕರೆಯಲು ನಮ್ಮಲ್ಲಿ ಹೆಸರಿಲ್ಲ.

ಹತ್ತೊಂಬತ್ತನ್ನೂ ಹೇಗೋ ತಿರುಗಿಸಿ ಒಂದು ಮಧ್ಯಾಹ್ನ ಅಮ್ಮನ ಮುಂದೆ ಓದಿದೆ. ಅಮ್ಮನಿಗೆ ಈಗ ಕಣ್ಣು ಮಂಜು, ಕಿವಿ ಚುರುಕು. ನಾಲ್ಕೈದು ಪದ್ಯ ಕೇಳಿದ ಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು.

“ಚಂದ ಇತ್ತ್ ಮಗಾ. ಆರೆ ಇದ್ ಶೀನಂದಲ್ಲ. ನಿಂದ್.”

ನನಗೆ ಗೊತ್ತಿದ್ದದ್ದೇ. ಹಾಳೆಗಳನ್ನು ಮಡಿಚಿಟ್ಟೆ. ಅಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಅಂದು ಅಮ್ಮನಿಗೆ ಹೇಳಿದೆ, ಹರಿದ ಪುಟ, ತೆಂಗಿನ ಸಿಪ್ಪೆ, ಮಾವನ ಕಪ್ಪಾದ ಕೈ, ಎಲ್ಲ. ಕೊನೆಗೆ, ಜಗಲಿಯಲ್ಲಿ ಸಿಕ್ಕಿದ್ದ ಆ ಎರಡು ಸಾಲನ್ನು ಹೇಳಿದೆ.

“ಗಾಳಿ ಬಂತ್, ಬಾಗ್ಲ್ ಹಾಕ್ಬೇಡ ಅಬ್ಬಿ,
ಅದ್ಕೂ ಹೋಪುಕೆ ಮನಿ ಇಲ್ಲೆ.”

ಅಮ್ಮ ನೆಟ್ಟಗೆ ಕೂತರು. ಕಣ್ಣು ತುಂಬಿತ್ತು, ಮುಖದಲ್ಲಿ ನಗುವಿತ್ತು. ತಮ್ಮ ಹೊರಗಿನಿಂದ ಬಂದು ಎದುರಿಗೆ ನಿಂತಂತೆ ಬಾಗಿಲ ಕಡೆ ತಿರುಗಿದರು.

“ಹ್ಞಾ, ಇದ್ ಶೀನಂದ್,” ಎಂದರು. “ಇನ್ನೊಂದ್ ಹೇಳ್ ಮಗಾ.”

ನನ್ನ ಹತ್ತಿರ ಇನ್ನೊಂದು ಇರಲಿಲ್ಲ.